ಜಿಬಿ, ಇಂಚು ನೋಡಿದರೆ ಸಾಲದು

ಮಾನ್ಯರೇ,

ಬಿಡಿಭಾಗ ಕೊಂಡು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರಿಗೆ ಸಿಗುವ ಸಲಹೆ ‘16 ಜಿಬಿ ರ‍್ಯಾಮ್, 27 ಇಂಚಿನ ಮಾನಿಟರ್’ ಎಂಬಲ್ಲಿಗೇ ನಿಂತುಬಿಡುತ್ತದೆ. ಪತ್ರಿಕೆಗಳ ತಂತ್ರಜ್ಞಾನ ಪುಟಗಳಾದರೂ ಇನ್ನಷ್ಟು ಬಿಡಿಸಿ ಬರೆಯಬೇಕು. ದುಡ್ಡು ದಂಡವಾಗುವುದು ಇಲ್ಲಿಯೇ.

ರ‍್ಯಾಮ್‌ನ ಎರಡು ಪೀಳಿಗೆಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ ಇದ್ದರೂ ಕಚ್ಚು ಇರುವ ಜಾಗ ಬೇರೆ. ಬಲವಂತವಾಗಿ ಒತ್ತಿದರೆ ಸ್ಲಾಟ್ ಹಾಳಾಗುತ್ತದೆ. ಎಎಂಡಿ ಪ್ರೊಸೆಸರ್‌ಗಳ ಎಎಂ4 ಸಾಕೆಟ್ ಇರುವ ಮದರ್‌ಬೋರ್ಡ್‌ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ ಎರಡೂ ಬಗೆಯ ಬೋರ್ಡ್‌ಗಳಿವೆ; ಮಾದರಿಯ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಬೇಕು. ಬೋರ್ಡ್ ತಯಾರಕರ ಜಾಲತಾಣದಲ್ಲಿ ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿಯೇ ಇರುತ್ತದೆ.

16 ಜಿಬಿಯ ಒಂದೇ ಸ್ಟಿಕ್‌ಗಿಂತ ಒಂದೇ ಪ್ಯಾಕ್‌ನ 8 ಜಿಬಿಯ ಎರಡು ಲೇಸು, ಎರಡೂ ಒಟ್ಟಿಗೆ ದುಡಿದು ವೇಗ ಹೆಚ್ಚುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೆಯದರಲ್ಲಿ ಹಾಕಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗಂತೂ ಇದು ಬಹಳ ಮುಖ್ಯ: ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಈ ರ‍್ಯಾಮನ್ನೇ ಬಳಸುವುದರಿಂದ ಒಂದೇ ಸ್ಟಿಕ್ ಇದ್ದರೆ ಆಟಗಳು ತಡವರಿಸುತ್ತವೆ. ಕ್ಲಿಪ್ ಒಂದೇ ಕಡೆ ಇರುವ ಸ್ಲಾಟ್‌ನಲ್ಲಿ ಕ್ಲಿಪ್ ಇಲ್ಲದ ತುದಿ ಕೂದಲೆಳೆಯಷ್ಟು ಮೇಲೆದ್ದೇ ಉಳಿಯುವುದುಂಟು. ಅದನ್ನು ಮೊದಲು ಒತ್ತಿ, ಆಮೇಲೆ ‘ಟಕ್’ ಎನ್ನುವವರೆಗೆ ಇನ್ನೊಂದು ತುದಿ ಒತ್ತಿ.

ಡಿಡಿಆರ್5 ಹಾಕಿ ಮೊದಲ ಬಾರಿ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಪವರ್ ತೆಗೆಯಬೇಡಿ. ಪೆಟ್ಟಿಗೆಯ ಮೇಲಿನ 6000 ವೇಗವೂ ತಾನಾಗಿ ಬರುವುದಿಲ್ಲ. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ರ‍್ಯಾಮ್ ವೇಗದ ಆಯ್ಕೆಯನ್ನು ಆನ್ ಮಾಡದಿದ್ದರೆ ಅದು 4800ರಂಥ ಕಡಿಮೆ ವೇಗದಲ್ಲೇ ಓಡುತ್ತದೆ. ನಾಲ್ಕೂ ಸ್ಲಾಟ್ ತುಂಬಿದರೆ 6000 ಸಿಗುವುದೇ ಕಷ್ಟ.

ಇನ್ನು ಮಾನಿಟರ್. 1920×1080 ಪಿಕ್ಸೆಲ್ 24 ಇಂಚಿಗೆ ಸರಿ. 27 ಇಂಚಿನಲ್ಲಿ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ, ಅಲ್ಲಿಗೆ 2560×1440 ಬೇಕು. 4ಕೆ (3840×2160) ಕೊಳ್ಳುವವರು ಪೋರ್ಟ್ ನೋಡಿ: ಎಚ್‌ಡಿಎಂಐ 1.4ರಲ್ಲಿ ಅದು 30 ಹರ್ಟ್ಸ್‌ಗೇ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೇ ನಿಲ್ಲುತ್ತದೆ, ಮೌಸ್ ಬಾಣವೂ ಎಳೆದಂತೆ ಚಲಿಸುತ್ತದೆ. 60ಕ್ಕೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು.

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಹೋಗಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಮದರ್‌ಬೋರ್ಡ್‌ಗೆ ಸಿಕ್ಕಿಸಿದರೆ ಚಿತ್ರವೇ ಬಾರದು. 144 ಹರ್ಟ್ಸ್ ಮಾನಿಟರ್ ತಂದವರು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ರಿಫ್ರೆಶ್ ರೇಟ್ ನೋಡಿ; ಎಷ್ಟೋ ಸಲ ಅದು 60ರಲ್ಲೇ ಉಳಿದಿರುತ್ತದೆ.

– ಓದುಗ