ವಿಮರ್ಶಕರಿಗೆ ಕೇಳಿಸದ ಕಲಬುರಗಿ

ಮಾನ್ಯರೇ,

ಶುಕ್ರವಾರ ತೆರೆಕಂಡ ಚಿತ್ರಕ್ಕೆ ಬೆಂಗಳೂರಿನ ವಿಮರ್ಶಕರು ನಕ್ಷತ್ರ ಹಂಚುವ ಹೊತ್ತಿಗೆ ಅಭಿಮಾನಿಗಳು ಚಿತ್ರಮಂದಿರದ ಬಾಗಿಲಲ್ಲೇ ಮೊಬೈಲ್ ಹಿಡಿದು ತೀರ್ಪು ಕೊಟ್ಟಿರುತ್ತಾರೆ. ಆ ತೀರ್ಪಿನ ಮೇಲೆ ನನಗೂ ಹೆಚ್ಚು ನಂಬಿಕೆಯಿಲ್ಲ. ನಾಯಕನ ಪ್ರವೇಶಕ್ಕೆ ಶಿಳ್ಳೆ ಹೊಡೆದವರಿಗೆ ಮಧ್ಯಂತರದ ನಂತರ ಕಥೆ ಕುಸಿದದ್ದು ಕಾಣುವುದಿಲ್ಲ. ಮಂಡ್ಯದ ಹಳ್ಳಿಗರೇ ನಟಿಸಿ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯಂಥ ತಾರೆಯಿಲ್ಲದ ಚಿತ್ರಗಳಿಗೆ ಅಭಿಮಾನಿ ಸಂಘ ಎಲ್ಲಿಂದ ಬರಬೇಕು? ಅವುಗಳಿಗೆ ವಿಮರ್ಶಕರೇ ದಿಕ್ಕು.

ಆದರೆ ವಿಮರ್ಶಕರಿಗೆ ಕೇಳಿಸದ್ದೂ ಉಂಟು. ತೆರೆಯ ಮೇಲೆ ನಮ್ಮ ಕಲಬುರಗಿ ಭಾಗದ ಮಾತು ಹೆಚ್ಚಾಗಿ ಸಿಗುವುದು ಹಾಸ್ಯನಟನಿಗೆ, ಕಾವಲುಗಾರನಿಗೆ, ಗುಳೆ ಹೋದ ಕಟ್ಟಡ ಕಾರ್ಮಿಕನಿಗೆ. ಅದೂ ಧಾರವಾಡದ್ದೋ ವಿಜಯಪುರದ್ದೋ ತಿಳಿಯದ ಕಲಬೆರಕೆ. ಉರ್ದು, ಮರಾಠಿ, ತೆಲುಗು ಬೆರೆತ ಇಲ್ಲಿನ ಕನ್ನಡದ ಲಯವೇ ಬೇರೆ. ಈ ತಪ್ಪನ್ನು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲರು ಮೊದಲ ದೃಶ್ಯದಲ್ಲೇ ಹಿಡಿಯುತ್ತಾರೆ. ಪತ್ರಿಕೆಯಲ್ಲಿ ಮಾತ್ರ ‘ಉತ್ತರ ಕರ್ನಾಟಕದ ಸೊಗಡು’ ಎಂಬ ಹೊಗಳಿಕೆ!

ತಮ್ಮ ಕಲಬುರಗಿ ಆವೃತ್ತಿಯಲ್ಲಾದರೂ ವಿಮರ್ಶೆಯ ಪಕ್ಕದಲ್ಲಿ ಸ್ಥಳೀಯ ಪ್ರೇಕ್ಷಕರೊಬ್ಬರ ನಾಲ್ಕು ಸಾಲು ಪ್ರಕಟಿಸಬಾರದೇಕೆ? ಯಾವುದೇ ನಟರ ಅಭಿಮಾನಿ ಸಂಘದ ಪದಾಧಿಕಾರಿಗಳನ್ನು ಮಾತ್ರ ದಯವಿಟ್ಟು ಆರಿಸಬೇಡಿ.

– ಒಬ್ಬ ಪ್ರೇಕ್ಷಕ, ಶಹಾಬಜಾರ, ಕಲಬುರಗಿ