ನೇರಳೆ ಮರಕ್ಕೆ ಕೊಡಲಿ ಹಾಕಿಸುವ ಮುಂಚೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪುಣೆಯ ಸಹಕಾರನಗರದ ಬಾಡಿಗೆ ಮನೆ ಹಿತ್ತಲಿನ ನೇರಳೆ ಮರ ನಿನಗೆ ಸಾಕುಸಾಕು ಮಾಡಿದೆ ಅಂತ ನಿಮ್ಮಮ್ಮ ಹೇಳಿದಳು. ಮಾಲೀಕರು ಫೋನಿನಲ್ಲಿ "ಬೇಕಿದ್ರೆ ಕಡಿಸಿಬಿಡಿ" ಅಂದರಂತೆ. ಆ ಮಾತು ನಂಬಿಕೊಂಡು ಯಾರನ್ನೂ ಕರೆಸಬೇಡ. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆಂದೇ 1975ರ ಕಾಯ್ದೆ ಇದೆ. ಸ್ವಂತ ಜಾಗದ ಮರ ಕಡಿಯುವುದಕ್ಕೂ ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ತಪ್ಪಿದರೆ ದಂಡ ಬೀಳುತ್ತದೆ. ಯಾರಾದರೂ ದೂರು ಕೊಟ್ಟರೆ ಉತ್ತರ ಹೇಳಬೇಕಾದವಳು ಆ ಮನೆಯಲ್ಲಿರುವ ನೀನೇ ಅಲ್ವಾ?

ಮರ ಅವರದು, ಅರ್ಜಿಯೂ ಅವರ ಹೆಸರಲ್ಲೇ ಹೋಗಲಿ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಬರೆದು ಕಳಿಸು. ಖರ್ಚು ಯಾರದು ಅಂತ ಅಲ್ಲೇ ಬರೆಸಿಕೋ. ಆಮೇಲೆ ಡಿಪಾಸಿಟ್‌ನಲ್ಲಿ ಮುರಿದುಕೊಂಡರೆ ಕಷ್ಟ.

ನನ್ನನ್ನು ಕೇಳಿದರೆ ಮರ ಕಡಿಯುವುದೇ ಬೇಡ, ಸವರಿಸಿದರೆ ಸಾಕು. ಅದಕ್ಕೂ ಪಾಲಿಕೆಯ ಉದ್ಯಾನ ವಿಭಾಗವನ್ನು ಕೇಳಿಯೇ ಮಾಡಿಸಲಿ. ನೇರಳೆ ಕೊಂಬೆ ನೋಡಲು ದಪ್ಪ, ಆದರೆ ಪಟ್ಟನೆ ಮುರಿಯುತ್ತದೆ. ಹಾಗಾಗಿ ಒಣಗಿದ್ದು, ಚಾವಣಿ ಮೇಲೆ ಚಾಚಿದ್ದು ಮೊದಲು ಹೋಗಲಿ. ಕೆಲಸದವರು ಬಂದಾಗ ನೀನು ಅಲ್ಲೇ ನಿಂತಿರು. ಗೂಡು ಇದೆಯಾ ಅಂತ ಮೊದಲೇ ನೋಡಿಸು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆಯ ಹಾಗೆ ಉಬ್ಬಿರುತ್ತದೆ. ಗರಗಸ ಅದರ ಹೊರಗೇ ಆಡಬೇಕು. ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಲಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ತಲೆ ಬೋಳಿಸುತ್ತೇವೆ ಅಂದರೆ ಒಪ್ಪಲೇಬೇಡ. ಅಲ್ಲಿ ಗುಂಪುಗುಂಪಾಗಿ ಚಿಗುರುವ ಹೊಸ ಕೊಂಬೆಗಳಿಗೆ ಬುಡದ ಹಿಡಿತವೇ ಇರುವುದಿಲ್ಲ, ಗಾಳಿಗೆ ಅವೇ ಮೊದಲು ಬೀಳುತ್ತವೆ.

ಬುಡದಲ್ಲಿ ಅಣಬೆ ಎದ್ದಿದ್ದರೆ, ಮಣ್ಣು ಬಿರುಕು ಬಿಟ್ಟಿದ್ದರೆ, ಮರ ಹೊಸದಾಗಿ ವಾಲಿದ ಹಾಗೆ ಕಂಡರೆ ಮಾತ್ರ ತಡ ಮಾಡಬೇಡ. ಅವತ್ತೇ ಮಾಲೀಕರಿಗೂ ಪಾಲಿಕೆಗೂ ತಿಳಿಸು. ಮಕ್ಕಳನ್ನು ಆ ಕಡೆ ಬಿಡಬೇಡ.

ಇನ್ನು ಹಣ್ಣಿನ ರಾಡಿ. ಅದು ಕೆಲವೇ ವಾರಗಳ ಕಾಟ. ಹಳೇ ಸೀರೆಯನ್ನು ನಾಲ್ಕು ಮೂಲೆಗೆ ಕಟ್ಟಿ ನಡುವೆ ಜೋತುಬಿಡು. ಹಣ್ಣು ಅಲ್ಲೇ ಬಂದು ಕೂಡುತ್ತದೆ, ನೆಲದ ಮೇಲೆ ಜಜ್ಜಿಹೋಗುವುದಿಲ್ಲ. ಬೆಳಿಗ್ಗೆ ಬೇಗ ಆರಿಸಿಬಿಟ್ಟರೆ ನೊಣವೂ ಕಡಿಮೆ. ಬಟ್ಟೆ ಒಣಹಾಕುವ ಹಗ್ಗ ಮುಂದಿನ ಅಂಗಳಕ್ಕೆ ಹೋಗಲಿ, ಆ ನೇರಳೆ ಕಲೆ ಸುಲಭಕ್ಕೆ ಹೋಗಲ್ಲ. ತರಗೆಲೆ ಸುಡಬೇಡ, ಮೂಲೆಯಲ್ಲಿ ಮಣ್ಣು ಬೆರೆಸಿ ಗುಡ್ಡೆ ಹಾಕು, ಗೊಬ್ಬರವಾಗುತ್ತದೆ.

ಮಾಲೀಕರಿಗೆ ಮರಾಠಿಯಲ್ಲಿ ಬರೆಯುವುದಿದ್ದರೆ ದೊಡ್ಡಪ್ಪ ಬರೆದುಕೊಡುತ್ತಾರೆ. ಭಾನುವಾರ ಚಿಂಚವಡಕ್ಕೆ ಬಾ, ಫೋಟೋಗಳನ್ನೂ ತಾ.

ನಿನ್ನ ದೊಡ್ಡಮ್ಮ