ಟವೆಲ್ ಹಾಕಿ ಹೋದವರು ಬರದಿದ್ದರೆ?

ಮಾನ್ಯ ಸಂಪಾದಕರೇ,

ನಾನು ಹಾಸನದ ನಿವೃತ್ತ ಬಸ್ ಕಂಡಕ್ಟರ್. ಬೇಲೂರು, ಚಿಕ್ಕಮಗಳೂರು ರೂಟಿನಲ್ಲೇ ಜಾಸ್ತಿ ಓಡಾಡಿದವನು. ಸಾಫ್ಟ್‌ವೇರ್ ಬಗ್ಗೆ ಇವನೇನು ಬರೆಯುತ್ತಾನೆ ಅನ್ನಬೇಡಿ. ಇದು ಸೀಟು ಹಿಡಿಯುವ ವಿಷಯ.

ಮಗಳು ಇಲ್ಲೇ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ. ಓಪನ್ ಸೋರ್ಸ್ ಅಂತ ಇದೆಯಲ್ಲ, ಯಾರು ಬೇಕಾದರೂ ಒಳಗೆ ಇಣುಕಿ ತಿದ್ದಬಹುದಾದ ಸಾಫ್ಟ್‌ವೇರ್, ಅದರಲ್ಲಿ ಕೆಲಸ ಕಲಿಯುವ ಆಸೆ ಅವಳಿಗೆ. ಅಲ್ಲಿ ಹೊಸಬರಿಗೆಂದೇ ಸಣ್ಣಪುಟ್ಟ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಅಂತ ಚೀಟಿ ಅಂಟಿಸಿರುತ್ತಾರೆ. ಇವಳು ಆರಿಸಿಕೊಂಡಿದ್ದು ಒಂದು ಆ್ಯಪ್‌ನ ಕನ್ನಡ ಬಟನ್. ‘ರದ್ದುಮಾಡಿ’ ಅಂತ ಇರಬೇಕಾದ್ದು, ಒತ್ತಕ್ಷರ ಕತ್ತರಿಸಿಹೋಗಿ ‘ರದುಮಾಡಿ’ ಅಂತ ಕಾಣುತ್ತದೆ. ಬಟನ್ ಮಾಡಿದವರು ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ್ದಾರೆ, ನಮ್ಮ ಒತ್ತಿಗೆ ಕೆಳಗೆ ಜಾಗವೇ ಬಿಟ್ಟಿಲ್ಲ.

ಎಂಟು ತಿಂಗಳ ಹಿಂದೆಯೇ ಯಾರೋ ‘ಇದು ನಾನು ಮಾಡ್ತೀನಿ’ ಅಂತ ಬರೆದು ಹೋಗಿದ್ದಾನೆ. ಹೆಸರು ಕೂತಿದೆ, ಕೆಲಸ ಆಗಿಲ್ಲ. ‘ಹಾಗಾದರೆ ನಾನು ಮಾಡಲೇ?’ ಅಂತ ಮಗಳು ಕೇಳಿದಳು. ಮೂರು ವಾರ ಆಯಿತು, ಹೂಂ ಇಲ್ಲ, ಉಹೂಂ ಇಲ್ಲ. ತಾನೇ ಹೆಸರು ಹಾಕಿಕೊಳ್ಳೋಣ ಅಂದರೆ ಹೊರಗಿನವರಿಗೆ ಆ ಅನುಮತಿ ಇಲ್ಲವಂತೆ. ನೋಡಿಕೊಳ್ಳುವವರೇ ಹಾಕಬೇಕು.

ನಮ್ಮ ಭಾಷೆಯಲ್ಲಿ ಇದು ಟವೆಲ್ ಕೇಸು. ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಟವೆಲ್ ಬೀಳುತ್ತದೆ. ಹಾಕಿ ಕಾಫಿಗೆ ಹೋದವರು ಕೆಲವರು ಹೋದವರೇ. ಹಾಸನಾಂಬೆ ದರ್ಶನದ ದಿನಗಳಲ್ಲಂತೂ ಕೇಳಬೇಡಿ. ಸೀಟು ಖಾಲಿ. ಪಕ್ಕದಲ್ಲೇ ಮಗು ಎತ್ತಿಕೊಂಡ ಹೆಂಗಸು ನಿಂತಿರುತ್ತಾಳೆ, ಟವೆಲ್ ಮುಟ್ಟಲು ಅವಳಿಗೆ ಸಂಕೋಚ. ನಾನು ಎರಡು ಸಲ ‘ಯಾರದ್ರೀ ಟವೆಲ್ಲು?’ ಅಂತ ಕೂಗುತ್ತಿದ್ದೆ. ಮೂರನೇ ಸಲಕ್ಕೆ ಮಡಚಿ ಡ್ರೈವರ್ ಹತ್ತಿರ ಇಟ್ಟು ‘ಕೂತ್ಕೊಳಮ್ಮಾ’ ಅನ್ನುತ್ತಿದ್ದೆ. ಜಗಳವೂ ಆಗಿದೆ, ಇರಲಿ.

ಜುಲಿಪ್ ಅನ್ನುವ ಓಪನ್ ಸೋರ್ಸ್ ಚಾಟ್ ಸಾಫ್ಟ್‌ವೇರಿನವರು ಈ ಕೂಗುವ ಕೆಲಸಕ್ಕೆ ಒಂದು ಬಾಟ್, ಅಂದರೆ ತಾನಾಗಿಯೇ ಉತ್ತರಿಸುವ ಪ್ರೋಗ್ರಾಂ, ಇಟ್ಟಿದ್ದಾರೆ, ಮಗಳು ತೋರಿಸಿದಳು. ಅದಕ್ಕೆ ‘ಕ್ಲೇಮ್’ ಅಂತ ಬರೆದರೆ ಹೆಸರು ಹಾಕುತ್ತದೆ. ಹೊಸಬರಿಗೆ ಮೊದಲು ಒಂದೇ ಕೆಲಸ. 10 ದಿನ ಸದ್ದಿಲ್ಲದಿದ್ದರೆ ‘ಇನ್ನೂ ಮಾಡ್ತಿದ್ದೀರಾ?’ ಅಂತ ವಿಚಾರಿಸುತ್ತದೆ, 14 ದಿನಕ್ಕೆ ಹೆಸರು ತೆಗೆಯುತ್ತದೆ. ಕೈಲಾಗದವರು ‘ಅಬ್ಯಾಂಡನ್’ ಅಂತ ಬರೆದು ತಾವೇ ಎದ್ದು ಸೀಟು ಬಿಡಬಹುದು. ನನಗಿಂತ ಸಮಾಧಾನದ ಕಂಡಕ್ಟರ್ ಅದು.

ಇಂಥ ಸಾಫ್ಟ್‌ವೇರ್ ನೋಡಿಕೊಳ್ಳುವವರು ಎಷ್ಟೋ ಜನ ಸಂಬಳವಿಲ್ಲದೆ, ಬಿಡುವಿನಲ್ಲಿ ದುಡಿಯುವವರು ಅಂತ ಮಗಳೇ ಅವರ ಪರ ವಾದಿಸುತ್ತಾಳೆ. ಒಪ್ಪಿದೆ. ಆದರೂ ವಾರಕ್ಕೊಮ್ಮೆ ಕೂಗಲು ಎಷ್ಟು ಹೊತ್ತು ಬೇಕು? ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿ ಈ ಕೆಲಸದಲ್ಲಿರುವ ಮಕ್ಕಳು ಇದನ್ನು ಓದಿದರೆ, ನಿಮ್ಮ ಹತ್ತಿರ ಯಾರಾದರೂ ಹೀಗೆ ಕೇಳಿ ಕಾಯುತ್ತಿದ್ದಾರಾ ಅಂತ ಒಮ್ಮೆ ನೋಡಿ. ಇನ್ನು ಕಾಲೇಜಿನ ಮೇಷ್ಟ್ರುಗಳು, ರೆಸ್ಯೂಮೆಗೆ ಆಗುತ್ತೆ ಅಂತ ಸುಮ್ನೆ ಐದಾರು ಕಡೆ ಟವೆಲ್ ಎಸೆದು ಬರುವ ಹುಡುಗರ ಕಿವಿ ಹಿಂಡಬೇಕು.

ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಸರಿಮಾಡಿ ಇಟ್ಟುಕೊಂಡಿದ್ದಾಳೆ. ಬದಲಾಗಿದ್ದು ಎರಡೇ ಸಾಲು. ಒತ್ತು ಪೂರ್ತಿ ಕಾಣುತ್ತದೆ, ಕನ್ನಡಕ ಹಾಕಿಕೊಂಡು ನಾನೇ ನೋಡಿದೆ. ‘ಹೂಂ’ ಅನ್ನುವವರು ಸಿಗಬೇಕು, ಅಷ್ಟೇ.

ಇಂತಿ,
ನಿಮ್ಮ ಓದುಗ, ಹಾಸನ